ಮನೆಯ ನೀರಿನ ಮಿತವ್ಯಯವೂ ಸೆಪ್ಟಿಕ್ ತೊಟ್ಟಿಯ ರಕ್ಷಣೆಯೂ

ಹಳ್ಳಿಗಳಲ್ಲಿ ಮನೆಮನೆಗೂ ಕಕ್ಕಸನ್ನು ಕಟ್ಟಿಸಿಕೊಳ್ಳುವ ಪದ್ಧತಿಯು 2014ನೆಯ ಇಸವಿಯ ಅಕ್ಟೋಬರಿನಲ್ಲಿ ಸ್ವಚ್ಛ ಭಾರತ ಯೋಜನೆಯು ಪ್ರಾರಂಭವಾದಂದಿನಿಂದ ಬಹುವಾಗಿ ಹರಡಿತು. 2019ರ ಆಗಸ್ಟ್ ತಿಂಗಳಲ್ಲಿ ಜಲ ಜೀವನ ಯೋಜನೆಯು ಹುಟ್ಟಿ, ತಲೆಯೊಂದಕ್ಕೆ ದಿನಕ್ಕೆ 55 ಲೀಟರ್ ನೀರನ್ನು ಮನೆಯ ನಲ್ಲಿಗೇ ಒದಗಿಸಬೇಕೆಂದು ಗೊತ್ತುಮಾಡಿತು. ಎರಡೂ ಒಳ್ಳೆಯ ಕೆಲಸಗಳೇ. ಆದರೆ ಮೊದಲನೆಯದನ್ನು ಕಟ್ಟಿಸುವಾಗ ಎರಡನೆಯದು ಬರುವುದೆಂಬ ಯೋಚನೆಯು ಅನೇಕ ಮನೆಗಳಲ್ಲಿ ಇರಲಿಲ್ಲ. ಬಾವಿಯಿಂದಲೂ ಬೀದಿಯ ಬೋರಿಂಗಿನಿಂದಲೂ ಕೊಡದಲ್ಲಿ ಹೊತ್ತು ತಂದ ನೀರಿಗೆ ಸಾಕಾಗುತ್ತಿದ್ದ ತೊಟ್ಟಿಗೆ ಈಗ ನಲ್ಲಿಯ ನೀರು, ಮೋಟಾರಿನ ನೀರು, ಬಟ್ಟೆ ಒಗೆಯುವ ಯಂತ್ರದ ನೀರು ಎಲ್ಲವೂ ಬಂದು ಬೀಳುತ್ತಿವೆ.

ಇದರ ಫಲವಾಗಿ ಊರೂರುಗಳಲ್ಲಿ ಒಂದೇ ಬಗೆಯ ದೂರು ಕೇಳಿಬರುತ್ತದೆ. ತೊಟ್ಟಿ ಕಟ್ಟಿಸಿ ಎರಡು ವರ್ಷ ತುಂಬಲಿಲ್ಲ, ಆಗಲೇ ಅದು ತುಂಬಿಹೋಯಿತು. ಇಂಗುಗುಂಡಿಯ ಮೇಲೆ ಕಪ್ಪು ನೀರು ಉಕ್ಕುತ್ತದೆ. ಹಿತ್ತಲಿಗೆ ಕಾಲಿಡಲಾಗದಷ್ಟು ನಾತ. ಮನೆಯ ಯಜಮಾನರು ಗಾರೆಯವನನ್ನು ಬಯ್ಯುವರು, ಇಲ್ಲವೆ ತೊಟ್ಟಿ ಚಿಕ್ಕದಾಯಿತೆನ್ನುವರು. ದಿಕ್ಕು ಸರಿಯಿಲ್ಲವೆಂದು ಗುಂಡಿಯನ್ನು ಮತ್ತೊಂದು ಮೂಲೆಗೆ ತೆಗೆಸಿದವರೂ ಉಂಟು. ದಿಕ್ಕು ಬದಲಾದರೂ ನೀರು ಅಷ್ಟೇ ಇದ್ದುದರಿಂದ ಹೊಸ ಗುಂಡಿಯೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಇಂಥ ಕೆಡುಕಿಗೆ ಬಹುಮಟ್ಟಿಗೆ ಕಾರಣವಾಗಿರುವುದು ಮಲವಲ್ಲ, ನೀರು. ಇದನ್ನು ಮನಗಾಣಬೇಕಾದರೆ ತೊಟ್ಟಿಯು ಕೆಲಸ ಮಾಡುವ ಬಗೆಯನ್ನು ಮೊದಲು ತಿಳಿಯತಕ್ಕದ್ದು.

ಸೆಪ್ಟಿಕ್ ತೊಟ್ಟಿಯು ಮಲವನ್ನು ಕೂಡಿಡುವ ಬರಿಯ ಹೊಂಡವಲ್ಲ. ಫ್ರಾನ್ಸ್ ದೇಶದ ಮೂರಾ ಎಂಬಾತನು ಇಂಥ ಮುಚ್ಚಿದ ತೊಟ್ಟಿಗೆ 1881ರಲ್ಲಿ ಪೇಟೆಂಟು ಪಡೆದನು. 1890ರ ದಶಕದಲ್ಲಿ ಇಂಗ್ಲೆಂಡಿನ ಎಕ್ಸೆಟರ್ ಪಟ್ಟಣದ ಡೊನಾಲ್ಡ್ ಕ್ಯಾಮರಾನ್ ಎಂಬಾತನು ಅದನ್ನು ಸುಧಾರಿಸಿ ಈಗಿನ ಹೆಸರನ್ನು ಕೊಟ್ಟನು. ಇದರೊಳಗೆ ಬಿದ್ದ ಕಲ್ಮಷದಲ್ಲಿ ಭಾರವಾದುದು ಕೆಳಗೆ ಕುಳಿತು ಹೂಳಾಗುತ್ತದೆ. ಎಣ್ಣೆ ಜಿಡ್ಡು ಮುಂತಾದ ಹಗುರವಾದುದು ಮೇಲಕ್ಕೆ ತೇಲಿ ತೆಟ್ಟೆಯಾಗಿ ಕಟ್ಟಿಕೊಳ್ಳುತ್ತದೆ. ನಡುವಣ ಸುಮಾರಾಗಿ ತಿಳಿಯಾದ ನೀರು ಹೊರಗಿನ ಕೊಳವೆಯ ಮೂಲಕ ಇಂಗುಗುಂಡಿಗೆ ಹೋಗುತ್ತದೆ. ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಹೂಳನ್ನು ನಿಧಾನವಾಗಿ ಜೀರ್ಣಿಸಿ ಅದರ ಗಾತ್ರವನ್ನು ಕುಗ್ಗಿಸುತ್ತವೆ. ಈ ಕೆಲಸಗಳೆಲ್ಲಕ್ಕೂ ಬೇಕಾದುದು ನೆಮ್ಮದಿ, ಎಂದರೆ ನಿಂತ ನೀರು ಮತ್ತು ಸಾಕಷ್ಟು ಹೊತ್ತು.

ಕೆರೆಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಸಾಧಾರಣ ಮಳೆಗೆ ಬಂದ ಕೆಂಪು ನೀರು ಎರಡು ದಿನ ಕೆರೆಯಲ್ಲಿ ನಿಂತರೆ ಮಣ್ಣು ತಳಕ್ಕೆ ಕುಳಿತು ಕೋಡಿಯಲ್ಲಿ ತಿಳಿ ಹರಿಯುತ್ತದೆ. ಜಡಿಮಳೆ ಸುರಿದು ಹಳ್ಳವು ರಭಸದಿಂದ ನುಗ್ಗಿದರೆ ಕೋಡಿಯಲ್ಲಿ ಹರಿಯುವುದೂ ಕೆಂಪು ನೀರೇ. ಕೆರೆಯಲ್ಲಿ ಹೂಳು ತುಂಬಿದ ಮೇಲಂತೂ ಸಣ್ಣ ಮಳೆಗೂ ಇದೇ ಗತಿ. ಮನೆಯ ಹಿತ್ತಲಿನ ತೊಟ್ಟಿಯು ಇಂಥದೇ ಒಂದು ಚಿಕ್ಕ ಕೆರೆ. ವ್ಯತ್ಯಾಸವೇನೆಂದರೆ, ಇಲ್ಲಿ ಮಳೆಯನ್ನು ಸುರಿಸುವವರು ಮನೆಯವರೇ.

ಲೆಕ್ಕವನ್ನು ನೋಡಬಹುದು. ಭಾರತೀಯ ಮಾನಕ 2470 ಎಂಬ ಸಂಹಿತೆಯಂತೆ ಐದು ಜನರ ಮನೆಗೆ ಒಂದೂವರೆ ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲ, ನೀರಿನ ಆಳ ಒಂದು ಮೀಟರ್ ಇರುವ ತೊಟ್ಟಿಯು ಸಲ್ಲುತ್ತದೆ. ಇದರಲ್ಲಿ ಹಿಡಿಯುವ ನೀರು 1,125 ಲೀಟರ್. ಐವರೂ ತಲೆಗೆ 55 ಲೀಟರಿನಂತೆ ಬಳಸಿ ಅದಷ್ಟನ್ನೂ ತೊಟ್ಟಿಗೇ ಬಿಟ್ಟರೂ ದಿನಕ್ಕೆ 275 ಲೀಟರ್ ಆಗಿ, ಒಳಬಂದ ನೀರು ನಾಲ್ಕು ದಿನಗಳಷ್ಟು ನಿಲ್ಲುತ್ತದೆ. ಹೂಳೂ ತೆಟ್ಟೆಯೂ ಮೂರನೆಯ ಒಂದು ಪಾಲನ್ನು ಆಕ್ರಮಿಸಿದ ಮೇಲೆ ಉಳಿಯುವ ಸ್ಥಳ 750 ಲೀಟರಿನದು. ಆಗಲೂ ಎರಡೂವರೆ ದಿನಕ್ಕೆ ಕಡಿಮೆಯಿಲ್ಲ. ಈಗ ಅದೇ ಮನೆಯವರು ಮಾಳಿಗೆಯ ಮೇಲೆ 1,000 ಲೀಟರಿನ ಟ್ಯಾಂಕ್ ಇಡಿಸಿ ಅದನ್ನು ದಿನಕ್ಕೊಮ್ಮೆ ಬರಿದುಮಾಡುವರೆಂದೂ ಎಲ್ಲವೂ ಸೆಪ್ಟಿಕ್ ತೊಟ್ಟಿಗೆ ಸೇರುವುದೆಂದೂ ಇಟ್ಟುಕೊಂಡರೆ, ನೀರು ನಿಲ್ಲುವುದು ಹದಿನೆಂಟು ಗಂಟೆ ಮಾತ್ರ. ಒಂದು ಹಗಲೂ ಒಂದು ರಾತ್ರಿಯೂ ನಿಲ್ಲದ ನೀರಿನಲ್ಲಿ ಕಲ್ಮಷವು ಸರಿಯಾಗಿ ಕುಳಿತುಕೊಳ್ಳಲಾರದು. ಎರಡು ದಿನ ನಿಂತರೆ ಉತ್ತಮ. ಅಲ್ಲದೆ ಮನೆಯ ನೀರು ದಿನವಿಡೀ ಸಮನಾಗಿ ಬರುವುದಿಲ್ಲ. ಬೆಳಗಿನ ಎರಡು ಮೂರು ಗಂಟೆಗಳೊಳಗೆ ಸ್ನಾನ, ಬಟ್ಟೆ, ಪಾತ್ರೆ ಎಲ್ಲವೂ ಮುಗಿಯುವುದರಿಂದ ಆ ಹೊತ್ತಿನಲ್ಲಿ ತೊಟ್ಟಿಯು ಕದಡಿದ ಹೊಂಡವಾಗಿ, ಅರೆಜೀರ್ಣವಾದ ಮಲವು ನೀರಿನೊಡನೆ ಇಂಗುಗುಂಡಿಗೆ ದಾಟಿಹೋಗುತ್ತದೆ.

ಹೀಗೆ ದಾಟಿಹೋದುದೇ ದೊಡ್ಡ ನಷ್ಟಕ್ಕೆ ಮೊದಲು. ತೊಟ್ಟಿಯ ಹೂಳನ್ನು ತೆಗೆಸಬಹುದು. ಇಂಗುಗುಂಡಿಯ ಸುತ್ತಣ ಮಣ್ಣಿನ ರಂಧ್ರಗಳು ಮುಚ್ಚಿಕೊಂಡರೆ ಅವನ್ನು ತೆರೆಯುವುದು ಸುಲಭಸಾಧ್ಯವಲ್ಲ. ಬಹುವೇಳೆ ಆ ಗುಂಡಿಯನ್ನು ತಿಂಗಳುಗಟ್ಟಲೆ ಒಣಗಲು ಬಿಟ್ಟು ಬೇರೊಂದನ್ನು ತೋಡಿಸಬೇಕಾಗುತ್ತದೆ. ಕೋಲಾರ ತುಮಕೂರು ಕಡೆಯ ಕೆಂಪು ಮಣ್ಣು ಸ್ವಲ್ಪ ತಾಳಿಕೊಳ್ಳುತ್ತದೆ. ವಿಜಯಪುರ ಗದಗ ಪ್ರಾಂತ್ಯದ ಎರೆಭೂಮಿಯು ನೀರು ಕುಡಿದೊಡನೆ ಉಬ್ಬಿ ತನ್ನ ಬಿರುಕುಗಳನ್ನು ತಾನೇ ಮುಚ್ಚಿಕೊಳ್ಳುವುದರಿಂದ ಅಲ್ಲಿ ಇಂಗುವಿಕೆಯು ಸಹಜವಾಗಿಯೇ ಮಂದ. ಅಂಥ ಕಡೆ ಒಂದು ಕೊಡ ನೀರು ಹೆಚ್ಚಾದರೂ ಅದು ಲೆಕ್ಕಕ್ಕೆ ಬರುತ್ತದೆ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ತೊಂದರೆ ಬೇರೆ ಬಗೆಯದು. ಮಳೆಗಾಲದಲ್ಲಿ ಅಂತರ್ಜಲವೇ ಮೇಲೆದ್ದು ಗುಂಡಿಯನ್ನು ಮುಟ್ಟುತ್ತದೆ. ತೆರೆದ ಬಾವಿಗಳೂ ಮನೆಗೆ ಹತ್ತಿರವಾಗಿಯೇ ಇರುತ್ತವೆ. ಇಂಗುಗುಂಡಿಗೂ ಕುಡಿಯುವ ನೀರಿನ ಬಾವಿಗೂ ನಡುವೆ 18 ಮೀಟರ್, ಎಂದರೆ ಸುಮಾರು 60 ಅಡಿ, ಅಂತರವಿರಬೇಕೆಂದು ಮೇಲ್ಕಂಡ ಸಂಹಿತೆಯು ವಿಧಿಸಿದೆ. ನೀರು ಮಿತಿಮೀರಿ ಹರಿಯುವ ಗುಂಡಿಯ ಹತ್ತಿರ ಈ ಅಂತರವೂ ನೆಚ್ಚತಕ್ಕದ್ದಲ್ಲ. ಸೂರಿನ ನೀರು ತೊಟ್ಟಿಯ ಚಪ್ಪಡಿಯ ಮೇಲೆ ಬೀಳದಂತೆ ಬೇರೆ ಕಾಲುವೆ ತೋಡಿಸುವುದು ಮಲೆನಾಡಿನ ಮನೆಗಳಲ್ಲಿ ಮೊದಲ ಕೆಲಸ.

ಹಣದ ನಷ್ಟಕ್ಕಿಂತಲೂ ಘೋರವಾದುದು ಮತ್ತೊಂದುಂಟು. ತೊಟ್ಟಿಯು ಉಕ್ಕಿದಾಗ ಪಟ್ಟಣದಿಂದ ಹೀರುವ ಯಂತ್ರದ ಟ್ಯಾಂಕರ್ ಬರುವುದು ತಡವಾಗುತ್ತದೆ, ಬಾಡಿಗೆಯೂ ಹೆಚ್ಚು. ಆಗ ಮನೆಯ ಆಳನ್ನೋ ಊರಿನ ಬಡವನೊಬ್ಬನನ್ನೋ ಕರೆದು ಬಕೆಟ್ಟು ಹಗ್ಗ ಕೊಟ್ಟು ಒಳಗೆ ಇಳಿಸುವ ದುಷ್ಟ ಪದ್ಧತಿಯು ಇನ್ನೂ ಪೂರ್ತಿಯಾಗಿ ಅಳಿದಿಲ್ಲ. ಮುಚ್ಚಿದ ತೊಟ್ಟಿಯಲ್ಲಿ ಜಲಜನಕದ ಸಲ್ಫೈಡ್ ಎಂಬ ವಿಷಾನಿಲವು ತುಂಬಿರುತ್ತದೆ. ಅದು ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ನಾತ ಬರುವುದು. ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕುಂದಿಸುವುದರಿಂದ ನಾತವೂ ತಿಳಿಯದೆ ಮನುಷ್ಯನು ಕುಸಿದುಬೀಳುವನು. ಅವನನ್ನು ಎತ್ತಲು ಇಳಿದ ಎರಡನೆಯವನ ಗತಿಯೂ ಅದೇ ಆಗುತ್ತದೆ. 2013ನೆಯ ಇಸವಿಯ ಕಾಯಿದೆಯು ಇಂಥ ಅಪಾಯಕರವಾದ ಶುಚಿಕಾರ್ಯಕ್ಕೆ ಯಾರನ್ನೂ ನೇರವಾಗಿಯಾಗಲಿ ಇನ್ನೊಬ್ಬರ ಮೂಲಕವಾಗಲಿ ನೇಮಿಸಕೂಡದೆಂದು ನಿಷೇಧಿಸಿದೆ. ಮೊದಲ ತಪ್ಪಿಗೆ ಎರಡು ವರ್ಷಗಳವರೆಗೆ ಸೆರೆವಾಸ, ಅಥವಾ ಎರಡು ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ ಉಂಟು. ಒಳಚರಂಡಿಯ ಕೆಲಸದಲ್ಲಿ ಸತ್ತವರ ಕುಟುಂಬಕ್ಕೆ ಸಲ್ಲಬೇಕಾದ ಪರಿಹಾರವನ್ನು ಸರ್ವೋಚ್ಚ ನ್ಯಾಯಾಲಯವು 2023ರ ಅಕ್ಟೋಬರಿನಲ್ಲಿ 30 ಲಕ್ಷ ರೂಪಾಯಿಗಳಿಗೆ ಏರಿಸಿತು. ಕಾಯಿದೆಯ ಮಾತು ಹಾಗಿರಲಿ. ನಲ್ಲಿಯ ಒಂದು ವಾಷರನ್ನು ಬದಲಿಸಲು ಉದಾಸೀನ ಮಾಡಿದ ಮನೆಯ ತೊಟ್ಟಿಯಲ್ಲಿ ಕೂಲಿಯವನು ಪ್ರಾಣ ಬಿಡುವುದೆಂದರೆ ಅದಕ್ಕೆ ಯಾವ ಯಜಮಾನನು ಉತ್ತರ ಹೇಳಬಲ್ಲನು? ಊರಿನ ಮುಖಂಡರು ಈ ಒಂದು ವಿಷಯದಲ್ಲಿ ಕಣ್ಣು ಮುಚ್ಚಿಕೊಳ್ಳತಕ್ಕದ್ದಲ್ಲ.

ಇನ್ನು ನೀರನ್ನು ಎಲ್ಲಿ ಉಳಿಸಬೇಕೆಂಬುದು. ಮೊಟ್ಟಮೊದಲು ಹುಡುಕಬೇಕಾದುದು ಯಾರೂ ಬಳಸದೆ ಹರಿದುಹೋಗುವ ನೀರನ್ನು. ಸೆಕೆಂಡಿಗೆ ಒಂದು ಹನಿಯಂತೆ ತೊಟ್ಟಿಕ್ಕುವ ನಲ್ಲಿಯಿಂದ ದಿನಕ್ಕೆ ಸುಮಾರು 20 ಲೀಟರ್ ನೀರು ಹೋಗುತ್ತದೆ. ನಂಬಿಕೆ ಬಾರದವರು ರಾತ್ರಿ ಮಲಗುವಾಗ ಅದರ ಕೆಳಗೆ ಒಂದು ಬಿಂದಿಗೆಯನ್ನು ಇಟ್ಟು ಬೆಳಿಗ್ಗೆ ನೋಡಬಹುದು. ಕಕ್ಕಸಿನ ಫ್ಲಷ್ ಪೆಟ್ಟಿಗೆಯ ಸೋರಿಕೆಯು ಇನ್ನೂ ಮೋಸದ್ದು, ಏಕೆಂದರೆ ಅದು ಸದ್ದಿಲ್ಲದೆ ಗೋಡೆಯನ್ನು ತಡವಿಕೊಂಡು ಇಳಿಯುತ್ತದೆ. ಐದು ನಿಮಿಷಕ್ಕೆ ಒಂದು ಲೀಟರ್ ತುಂಬುವಷ್ಟು ಸಣ್ಣ ಧಾರೆಯಾದರೂ ದಿನಕ್ಕೆ 288 ಲೀಟರ್ ಆಗುತ್ತದೆ. ಐವರಿಗೆ ಸಲ್ಲುವ ಒಂದು ದಿನದ ನೀರಿಗಿಂತ ಇದು ಹೆಚ್ಚು. ಹೀಗೆ ಸೋರುವ ಒಂದು ಪೆಟ್ಟಿಗೆಯು ಮನೆಯಲ್ಲಿ ಇನ್ನೊಂದು ಸಂಸಾರವನ್ನೇ ಇಟ್ಟಂತೆ. ಪರೀಕ್ಷೆ ಬಹು ಸುಲಭ. ಬಿಳಿಯ ಬಟ್ಟೆಗೆ ಹಾಕುವ ನೀಲಿಯನ್ನು ನಾಲ್ಕು ಹನಿ ಪೆಟ್ಟಿಗೆಯ ನೀರಿಗೆ ಬಿಟ್ಟು ಅರ್ಧ ಗಂಟೆ ಯಾರೂ ಕಕ್ಕಸನ್ನು ಬಳಸದಿರಬೇಕು; ಬೋಗುಣಿಯಲ್ಲಿ ನೀಲಿ ಕಂಡರೆ ಒಳಗಿನ ರಬ್ಬರು ಸವೆದಿದೆಯೆಂದು ಅರ್ಥ. ಹಳೆಯ ಕಾಲದ ಪೆಟ್ಟಿಗೆಗಳು ಒಂದು ಸಲಕ್ಕೆ ಹತ್ತರಿಂದ ಹನ್ನೆರಡೂವರೆ ಲೀಟರಿನವರೆಗೆ ಸುರಿಯುತ್ತವೆ. ಆರು ಮತ್ತು ಮೂರು ಲೀಟರಿನ ಎರಡು ಗುಂಡಿಗಳಿರುವ ಪೆಟ್ಟಿಗೆಗಳು ಈಗ ಪೇಟೆಯಲ್ಲಿ ದೊರೆಯುತ್ತವೆ.

ಸ್ನಾನಕ್ಕೆ ಬಕೆಟ್ಟೂ ಚೊಂಬೂ ಇರುವ ಮನೆಯಲ್ಲಿ ಒಬ್ಬರಿಗೆ ಹದಿನೈದು ಇಪ್ಪತ್ತು ಲೀಟರ್ ಸಾಕಾಗುತ್ತದೆ. ಷವರಿನ ಕೆಳಗೆ ಹತ್ತು ನಿಮಿಷ ನಿಂತರೆ ನೂರು ಲೀಟರಿಗೆ ಹತ್ತಿರವಾಗಬಹುದು. ಬಟ್ಟೆ ಒಗೆಯುವ ಯಂತ್ರವಿರುವವರು ವಾರದ ಬಟ್ಟೆಯನ್ನೆಲ್ಲ ಒಂದೇ ಬೆಳಿಗ್ಗೆ ನಾಲ್ಕು ಸಲ ಹಾಕುವುದನ್ನು ಬಿಟ್ಟು ಎರಡು ದಿನಕ್ಕೊಮ್ಮೆ ಒಂದು ಸಲದಂತೆ ಹಂಚಿಕೊಂಡರೆ, ನೀರು ಅಷ್ಟೇ ಆದರೂ ತೊಟ್ಟಿಯು ಕದಡುವುದಿಲ್ಲ. ನೀರಿನ ಮೊತ್ತದಷ್ಟೇ ಅದು ಬರುವ ರಭಸವೂ ಮುಖ್ಯವೆಂಬುದನ್ನು ಮರೆಯಬಾರದು.

ಹಬ್ಬಗಳಲ್ಲಿ ಈ ರಭಸವು ಮಿತಿಮೀರುತ್ತದೆ. ನೀರು ತುಂಬುವ ಹಬ್ಬದ ಮರುದಿನ ಬೆಳಗಿನ ಜಾವದಲ್ಲಿ ಮಕ್ಕಳು, ಅಳಿಯಂದಿರು, ನೆಂಟರು ಹೀಗೆ ಹತ್ತು ಹದಿನೈದು ಜನರ ಅಭ್ಯಂಜನವು ಎರಡು ಗಂಟೆಗಳಲ್ಲಿ ನಡೆಯುತ್ತದೆ. ಹಂಡೆಗಟ್ಟಲೆ ನೀರಿನೊಡನೆ ಹರಳೆಣ್ಣೆ, ಸೀಗೆಪುಡಿ, ಕೂದಲು ಎಲ್ಲವೂ ಹರಿದುಹೋಗುತ್ತವೆ. ಎಣ್ಣೆಯು ತೆಟ್ಟೆಯನ್ನು ದಪ್ಪಮಾಡುತ್ತದೆ. ಪುಡಿಯು ಹೂಳನ್ನು ಹೆಚ್ಚಿಸುತ್ತದೆ. ದೀಪಾವಳಿಯ ಮುಂದಿನ ವಾರದಲ್ಲಿ ಇಂಗುಗುಂಡಿ ಉಕ್ಕಿತೆಂದರೆ ಆಶ್ಚರ್ಯಪಡತಕ್ಕದ್ದೇನಿದೆ? ಹಬ್ಬವನ್ನು ಬಿಡಬೇಕಾದುದಿಲ್ಲ, ಬಚ್ಚಲ ನೀರಿಗೆ ಬೇರೆ ದಾರಿ ತೋರಿಸಿದರೆ ಸಾಕು. ಮದುವೆ ಮುಂಜಿಗಳಲ್ಲಿಯೂ ಅಡುಗೆಯ ಪಾತ್ರೆಗಳನ್ನು ಹಿತ್ತಲ ಕಕ್ಕಸಿನ ಕಾಲುವೆಯ ಬಳಿ ತೊಳೆಯಲು ಬಿಡಬಾರದು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ಮಿತವ್ಯಯವೇ ಕೇಡಾದೀತು. ಕಕ್ಕಸಿನ ಬೋಗುಣಿಗೆ ಹಾಕುವ ನೀರನ್ನು ಅಗತ್ಯಕ್ಕಿಂತ ಕಡಿಮೆ ಮಾಡಕೂಡದು. ಇಳಿಜಾರು ಹೆಚ್ಚಿರುವ ಗ್ರಾಮೀಣ ಬೋಗುಣಿಗೆ ಒಂದೂವರೆಯಿಂದ ಎರಡು ಲೀಟರ್ ಸಾಕು. ಪೇಟೆಯ ಚಪ್ಪಟೆ ಬೋಗುಣಿಗೆ ಅದಕ್ಕಿಂತ ಹೆಚ್ಚು ಬೇಕು. ತೊಟ್ಟಿಯು ದೂರವಿದ್ದು ಕೊಳವೆ ಉದ್ದವಾಗಿದ್ದರೆ ಇನ್ನೂ ಸ್ವಲ್ಪ ಬೇಕು. ಇಲ್ಲವಾದರೆ ಮಲವು ಕೊಳವೆಯಲ್ಲಿಯೇ ಒಣಗಿ ಕಟ್ಟಿಕೊಳ್ಳುತ್ತದೆ. ಕೈ ತೊಳೆಯುವ ನೀರಿನಲ್ಲಂತೂ ಜಿಪುಣತನ ಸಲ್ಲದು.

ಎಲ್ಲಕ್ಕಿಂತ ಹೆಚ್ಚಿನ ಉಳಿತಾಯವು ಬಚ್ಚಲನ್ನು ಸೆಪ್ಟಿಕ್ ತೊಟ್ಟಿಯಿಂದ ಬೇರ್ಪಡಿಸುವುದರಲ್ಲಿದೆ. ಇದು ಹೊಸ ವಿದ್ಯೆಯೇನೂ ಅಲ್ಲ. ಹಿಂದಿನವರು ಬಚ್ಚಲ ನೀರನ್ನು ಬಾಳೆಯ ಬುಡಕ್ಕೂ ತೆಂಗಿನ ಪಾತಿಗೂ ಬಿಡುತ್ತಿದ್ದರು. ಅಕ್ಕಿ ತೊಳೆದ ನೀರೂ ಗಂಜಿಯೂ ಕಲಗಚ್ಚಿನ ಬಾನಿಗೆ ಹೋಗಿ ದನಗಳ ಹೊಟ್ಟೆ ಸೇರುತ್ತಿದ್ದುವು. ಹೊಸ ಮನೆಗಳನ್ನು ಕಟ್ಟಿಸುವಾಗ ಗಾರೆಯವರು ಕೊಳವೆಯ ಖರ್ಚನ್ನು ಉಳಿಸಲು ಬಚ್ಚಲನ್ನೂ ಕಕ್ಕಸನ್ನೂ ಒಂದೇ ಸಾಲಿಗೆ ಸೇರಿಸಿಬಿಡುತ್ತಾರೆ. ಆಗ ಉಳಿದ ಹಣವು ಒಂದೆರಡು ಸಲದ ಟ್ಯಾಂಕರ್ ಬಾಡಿಗೆಗೆ ಹೋಗಿಬಿಡುತ್ತದೆ. ಇದನ್ನು ಸರಿಪಡಿಸಲು ಬಚ್ಚಲ ಮೂಲೆಯಿಂದ ಒಂದು ಕೊಳವೆಯನ್ನು ಹೊರಕ್ಕೆ ತೆಗೆದು, ಕೂದಲೂ ಕಸವೂ ನಿಲ್ಲುವಂತೆ ಜಾಲರಿಯಿಟ್ಟ ಚಿಕ್ಕ ಕುಣಿಯೊಂದಕ್ಕೆ ಕೊಟ್ಟು, ಅಲ್ಲಿಂದ ಹಿತ್ತಲಿಗೆ ಹರಿಸತಕ್ಕದ್ದು. ಬಾಳೆ, ತೆಂಗು, ಕೆಸು, ಕಾಬಾಳೆ ಮುಂತಾದ ನೀರು ಬಯಸುವ ಗಿಡಗಳು ಇದಕ್ಕೆ ಯೋಗ್ಯ. ಪಾತಿಯಲ್ಲಿ ತರಗೆಲೆಯನ್ನೋ ತೆಂಗಿನ ಸಿಪ್ಪೆಯನ್ನೋ ಹೊದಿಸಿದರೆ ನಾತವಿಲ್ಲದೆ ನೀರು ಇಂಗುತ್ತದೆ. ಆಯಾ ದಿನದ ನೀರು ಆಯಾ ದಿನವೇ ಇಂಗುವಷ್ಟು ಪಾತಿಗಳಿರಬೇಕು. ನಿಂತರೆ ಸೊಳ್ಳೆಗೆ ತವರುಮನೆಯಾಗುವುದು. ಸಾಬೂನಿನಲ್ಲಿಯೂ ಬಟ್ಟೆ ಪುಡಿಯಲ್ಲಿಯೂ ಸೋಡಾದ ಅಂಶವಿರುವುದರಿಂದ ಒಂದೇ ಕಡೆ ವರ್ಷಗಟ್ಟಲೆ ಬಿಟ್ಟರೆ ಮಣ್ಣು ಗಟ್ಟಿಯಾಗಿ ಕೆಡುತ್ತದೆ, ಎರೆಭೂಮಿಯಲ್ಲಿ ಇನ್ನೂ ಬೇಗ. ಎರಡು ಕಾಲುವೆಗಳನ್ನು ಮಾಡಿಕೊಂಡು ತಿಂಗಳಿಗೊಂದರಂತೆ ಸರದಿಯಲ್ಲಿ ಬಿಡುವುದು ಒಳ್ಳೆಯದು. ಮಳೆಗಾಲವು ಉಪ್ಪನ್ನು ತೊಳೆದುಕೊಂಡು ಹೋಗುತ್ತದೆ. ಕೊತ್ತಂಬರಿ, ಮೂಲಂಗಿ ಮೊದಲಾಗಿ ಹಸಿಯಾಗಿ ತಿನ್ನುವ ಪದಾರ್ಥಗಳಿಗೆ ಈ ನೀರನ್ನು ಬಿಡಬಾರದು. ಮಕ್ಕಳ ಮಲದ ಬಟ್ಟೆಯನ್ನು ತೊಳೆದ ನೀರು ಮಾತ್ರ ಕಕ್ಕಸಿಗೇ ಸಲ್ಲತಕ್ಕದ್ದು. ಕೊಟ್ಟಿಗೆ ತೊಳೆದ ನೀರು ಗೊಬ್ಬರದ ಗುಂಡಿಯ ಸೊತ್ತು. ಅದನ್ನು ತೊಟ್ಟಿಗೆ ಬಿಡುವುದು ಎರಡು ಕಡೆಯ ನಷ್ಟ.

ಸಿಮೆಂಟಿನ ಬಳೆಗಳನ್ನು ಇಳಿಸಿ ಮಾಡಿದ ಜೋಡಿಗುಂಡಿಗಳ ಕಕ್ಕಸು ಬೇರೆ ಜಾತಿಯದು. ಅಲ್ಲಿ ಒಂದು ಗುಂಡಿ ತುಂಬಿದ ಮೇಲೆ ಅದನ್ನು ಮುಚ್ಚಿ ಇನ್ನೊಂದಕ್ಕೆ ತಿರುಗಿಸಿ, ಒಂದೆರಡು ವರ್ಷ ಬಿಟ್ಟು ಒಣಗಿದ ಗೊಬ್ಬರವನ್ನು ತೆಗೆಯುವುದುಂಟು. ಬಚ್ಚಲ ನೀರನ್ನು ಅದಕ್ಕೂ ಸೇರಿಸಬಾರದು.

ಫಿನಾಯಿಲು, ಆಸಿಡ್ಡು ಮೊದಲಾದವನ್ನು ಧಾರಾಳವಾಗಿ ಸುರಿದರೆ ಕೆಲಸಗಾರರಾದ ಸೂಕ್ಷ್ಮಜೀವಿಗಳೇ ಸಾಯುತ್ತವೆ. ಅಂಗಡಿಯಲ್ಲಿ ಮಾರುವ ಪುಡಿಗಳ ಅವಶ್ಯಕತೆಯೂ ಇಲ್ಲ. ಹೊಸ ತೊಟ್ಟಿಯನ್ನು ಹೊರಗೊಳವೆಯ ಮಟ್ಟದವರೆಗೆ ನೀರು ತುಂಬಿಸಿ, ಒಮ್ಮೆ ಸ್ವಲ್ಪ ಹಳೆಯ ಹೂಳನ್ನೋ ಕೊಳೆತ ಸಗಣಿಯನ್ನೋ ಹಾಕಿದರೆ ಉಳಿದುದು ತಾನಾಗಿಯೇ ನಡೆಯುತ್ತದೆ.

ನೀರನ್ನು ಎಷ್ಟೇ ಉಳಿಸಿದರೂ ಹೂಳು ಮಾತ್ರ ಬೆಳೆಯುತ್ತಲೇ ಇರುತ್ತದೆ. ಆದುದರಿಂದ ವರ್ಷಕ್ಕೊಮ್ಮೆ ಅಳೆದು ನೋಡತಕ್ಕದ್ದು. ಉದ್ದವಾದ ಕೋಲಿನ ತುದಿಗೆ ಬಿಳಿಯ ಒರಟು ಬಟ್ಟೆಯನ್ನು ಸುತ್ತಿ, ಮುಚ್ಚಳವನ್ನು ತೆರೆದು ಸ್ವಲ್ಪ ಹೊತ್ತು ದೂರ ನಿಂತು, ಬೆಂಕಿಯನ್ನಾಗಲಿ ಬೀಡಿಯನ್ನಾಗಲಿ ಹತ್ತಿರ ತರದೆ, ಮೇಲಿನಿಂದಲೇ ಕೋಲನ್ನು ತಳ ಮುಟ್ಟುವಂತೆ ಇಳಿಸಿ ಕೆಲವು ನಿಮಿಷ ಬಿಟ್ಟು ನಿಧಾನವಾಗಿ ಎತ್ತಬೇಕು. ಬಟ್ಟೆಯಲ್ಲಿ ಕಪ್ಪು ಹತ್ತಿದ ಉದ್ದವೇ ಹೂಳಿನ ಆಳ. ನೀರಿನ ಆಳದ ಮೂರನೆಯ ಒಂದು ಪಾಲಾಗಿದ್ದರೆ ಟ್ಯಾಂಕರ್ ಕರೆಸುವ ಕಾಲ ಬಂದಿತು. ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೊಮ್ಮೆ ಇದು ಬೇಕಾಗುತ್ತದೆ.

ತೆಗೆದ ಹೂಳನ್ನು ಹೊಲಕ್ಕೆ ಸುರಿಸಿಕೊಳ್ಳುವ ಆಸೆಯು ಜಮೀನುದಾರರಿಗೆ ಸಹಜ, ಟ್ಯಾಂಕರಿನವನಿಗೂ ಅದೇ ಅನುಕೂಲ. ಬೆಂಗಳೂರಿನ ಸುತ್ತಮುತ್ತ ಈ ವ್ಯಾಪಾರವು ಬಹಳ ನಡೆದಿದೆ. ಅದರಲ್ಲಿ ಸಾರವುಂಟೆಂಬುದು ನಿಜವೇ. ಆದರೆ ಹಸಿಯ ಹೂಳಿನಲ್ಲಿರುವ ದುಂಡುಹುಳುವಿನ ಮೊಟ್ಟೆಗಳು ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವು ವೇಳೆ ವರ್ಷಗಳೇ, ಜೀವದಿಂದಿರುತ್ತವೆ. ಬರಿಗಾಲಿನ ಕೂಲಿಯವರಿಗೂ ಸೊಪ್ಪು ತರಕಾರಿ ಕೊಳ್ಳುವವರಿಗೂ ಅದರ ಫಲ ತಟ್ಟುತ್ತದೆ. ದೇವನಹಳ್ಳಿಯಲ್ಲಿ 2015ರಲ್ಲಿ ಪ್ರಾರಂಭವಾದ, ದಿನಕ್ಕೆ 6,000 ಲೀಟರ್ ಸಾಮರ್ಥ್ಯದ ಹೂಳು ಸಂಸ್ಕರಣ ಘಟಕದಲ್ಲಿ ಹೂಳನ್ನು ಜೀರ್ಣಿಸಿ, ಒಣಗಿಸಿ, ಪಟ್ಟಣದ ಹಸಿ ಕಸದೊಡನೆ ಕಾಂಪೋಸ್ಟು ಮಾಡುವ ಕ್ರಮವನ್ನು ಕೈಗೊಳ್ಳಲಾಯಿತು. ಭೂಮಿಗೆ ಸೇರಬೇಕಾದುದು ಹೀಗೆ ಬೆಂದ ಗೊಬ್ಬರ. ಟ್ಯಾಂಕರನ್ನು ಕರೆಸುವ ಮುನ್ನ ಹೂಳು ಎಲ್ಲಿಗೆ ಹೋಗುವುದೆಂದು ಗ್ರಾಮ ಪಂಚಾಯಿತಿಯವರು ವಿಚಾರಿಸತಕ್ಕದ್ದು.

ಹೂಳು ತೆಗೆದ ದಿನವೇ ತೊಟ್ಟಿಯನ್ನು ಮತ್ತೆ ಹೊರಗೊಳವೆಯ ಮಟ್ಟದವರೆಗೆ ನೀರಿನಿಂದ ತುಂಬಿಸಬೇಕು. ಮಳೆಗಾಲದಲ್ಲಿ ಅಂತರ್ಜಲವು ಮೇಲೆ ಬರುವ ಕರಾವಳಿಯ ಊರುಗಳಲ್ಲಿ ಬರಿದಾದ ಪ್ಲಾಸ್ಟಿಕ್ ತೊಟ್ಟಿಗಳು ನೆಲದಿಂದ ಎದ್ದು ತೇಲಿ ಕೊಳವೆಗಳನ್ನು ಮುರಿಯುವುದುಂಟು. ಅಂಥ ಕಡೆಗಳಲ್ಲಿ ಈ ಕೆಲಸವನ್ನು ಬೇಸಗೆಯಲ್ಲಿಯೇ, ಮೇ ತಿಂಗಳು ಮುಗಿಯುವುದರೊಳಗಾಗಿ, ಮಾಡಿಸಿಬಿಡುವುದು ಯುಕ್ತ.